ಸರ್, ಒಂದ್ ಡೌಟು

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ಲ್ಯಾಬಲ್ಲಿ ಇಡೀ ಸರ್ಕ್ಯೂಟ್ ಬಿಡಿಸಿ ಹೇಳೋ ಹುಡುಗ ಗ್ರೂಪ್ ಡಿಸ್ಕಶನ್‌ನಲ್ಲಿ ಬಾಯಿ ಬಿಡಲ್ಲ. ವಿಷಯ ಗೊತ್ತಿಲ್ಲ ಅಂತಲ್ಲ. ಇಂಗ್ಲಿಷ್ ತಪ್ಪಿದ್ರೆ ಪಕ್ಕದವರು ನಗ್ತಾರೆ ಅನ್ನೋ ಭಯ. ಹಾಗಾದ್ರೆ ನಾವು ನಗೋ ತಪ್ಪುಗಳು ನಿಜವಾಗಿ ತಪ್ಪುಗಳೇನಾ?

ಇಂಟರ್ನಲ್ಸ್ 'ಪ್ರಿಪೋನ್' ಆಯ್ತು ಅಂದವನನ್ನ ನಾವು ಆಡಿಕೊಳ್ತೀವಿ. ಭಾರತದಲ್ಲಿ ಬಳಕೆಗೆ ಬಂದ ಆ ಪದ ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ. ಬೇಜಾರಾಗಬೇಕಾದದ್ದು ಇಂಟರ್ನಲ್ಸ್ ಬಗ್ಗೆ, ಪದದ ಬಗ್ಗೆ ಅಲ್ಲ.

ಆದರೆ ಯಾರೂ ನಗದೇ ಇರೋ 'ಡೌಟ್' ಸ್ವಲ್ಪ ಅಪಾಯದ್ದು. ಕನ್ನಡದಲ್ಲಿ ಅರ್ಥವಾಗದ್ದನ್ನ ಕೇಳಿದರೂ ಸಂದೇಹವೇ, ನಂಬಿಕೆ ಬಾರದಿದ್ದರೂ ಸಂದೇಹವೇ. ಇಂಗ್ಲಿಷಿನ ಡೌಟ್ ಹೆಚ್ಚಾಗಿ ಎರಡನೆಯದು. ಹೊರದೇಶದ ಇಂಜಿನಿಯರ್ ಹತ್ರ 'ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ಡಿಸೈನ್' ಅಂದ್ರೆ, ನನ್ನ ಡಿಸೈನ್ ಸರಿಯಿಲ್ಲ ಅಂತಿದ್ದಾನೆ ಅಂತ ಆತ ತಿಳೀಬಹುದು. 'ಕ್ವೆಶ್ಚನ್' ಅಂದ್ರೆ ಮುಗೀತು. 'ಪಾಸ್ಡ್ ಔಟ್ ಇನ್ 2024' ಅಂದ್ರೂ ಅಷ್ಟೇ, ಅಮೆರಿಕದವರಿಗೆ ಆ ವರ್ಷ ಪ್ರಜ್ಞೆ ತಪ್ಪಿ ಬಿದ್ದ ಹಾಗೆ ಕೇಳಿಸುತ್ತೆ. ಇನ್ನು 'ರಿವರ್ಟ್' ಏನು ಮಾಡುತ್ತೆ ಅಂತ ಗಿಟ್ ಬಳಸೋ ನಮಗೇ ಗೊತ್ತು: ಮಾಡಿದ್ದನ್ನ ರದ್ದು ಮಾಡುತ್ತೆ. ಆದರೂ ಮೇಲ್‌ನಲ್ಲಿ ಉತ್ತರ ಕೊಡ್ತೀನಿ ಅನ್ನೋಕೆ ಅದನ್ನೇ ಬರೀತೀವಿ!

ಇವೆಲ್ಲ ದಡ್ಡತನದಿಂದ ಬಂದದ್ದಲ್ಲ. 'ಡಿಸ್ಕಸ್ ಅಬೌಟ್'ನಲ್ಲಿ ಇರೋದು ನಮ್ಮ 'ಬಗ್ಗೆ'. 'ಹಿ ಓನ್ಲಿ ಟೋಲ್ಡ್'ನಲ್ಲಿ ಇರೋದು 'ಅವನೇ'ಯ ಏಕಾರ. ಇಂಗ್ಲಿಷಿನವರು ಆ ಒತ್ತನ್ನ ದನಿಯಲ್ಲಿ ಕೊಡ್ತಾರೆ, ನಾವು ಅದಕ್ಕೊಂದು ಪದ ಹುಡುಕ್ತೀವಿ. 'ಸಿಂಪ್ಲಿ ಐ ಕೇಮ್' ಅಂತೂ ಪೂರ್ತಿ 'ಸುಮ್ನೆ ಬಂದೆ'. ಕನ್ನಡದ ವಾಕ್ಯ ಹೇಗೆ ಕಟ್ಟಿದೆ ಅಂತ ಗೊತ್ತಿದ್ದವನಿಗೆ ಇಂಗ್ಲಿಷ್ ಎಲ್ಲಿ ಬೇರೆಯಾಗುತ್ತೆ ಅಂತಲೂ ಬೇಗ ಹೊಳೆಯುತ್ತೆ. ಕನ್ನಡ ಮೀಡಿಯಂ ಅಂತ ತಲೆ ತಗ್ಗಿಸೋರಿಗೆ ಈ ಮಾತು ಹೇಳಲೇಬೇಕು.

ಶಿವಮೊಗ್ಗದಿಂದ ಬಸ್ ಹತ್ತಿದ್ರೆ ಸಿಗೋ ಭದ್ರಾವತಿಯನ್ನೇ ನೋಡಿ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಊರು. ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲ ಒಂದೇ ಬೀದಿಯಲ್ಲಿ ಕೇಳಿಸುತ್ತೆ. ಬಡಾವಣೆಗಳ ಹೆಸರೇ ನ್ಯೂಟೌನ್, ಪೇಪರ್‌ಟೌನ್. ಅಲ್ಲಿ ಇಂಗ್ಲಿಷ್ ಪದಗಳು 'ಶಿಫ್ಟಿಗೆ ಹೋದ', 'ಕ್ವಾರ್ಟರ್ಸಲ್ಲಿ ಇದ್ದಾರೆ' ಅಂತ ಕನ್ನಡದ ಪ್ರತ್ಯಯ ಹಾಕ್ಕೊಂಡು ಓಡಾಡ್ತವೆ. ಯಾರೂ ನಗಲ್ಲ, ಕೆಲಸವೂ ನಿಂತಿಲ್ಲ. ಅಜ್ಜಂದಿರು ಕನ್ನಡದ ವಾಕ್ಯದೊಳಗೆ ಇಂಗ್ಲಿಷ್ ಪದ ಕೂರಿಸಿದರು. ನಾವು ಇಂಗ್ಲಿಷ್ ಪದಗಳ ಒಳಗೆ ಕನ್ನಡದ ವಾಕ್ಯ ಕೂರಿಸ್ತಿದ್ದೀವಿ. ಎರಡನೆಯದಕ್ಕೆ ಸ್ವಲ್ಪ ರಿಪೇರಿ ಬೇಕು, ಒಪ್ತೀವಿ. ಆದರೆ ರಿಪೇರಿ ಆಗಬೇಕಾದರೆ ಹುಡುಗ ಮೊದಲು ಬಾಯಿ ಬಿಡಬೇಕಲ್ಲ?

ಅದಕ್ಕೇ ನಮ್ಮ ಬೇಡಿಕೆ ಇಷ್ಟೆ. ಕ್ಯಾಂಪಸ್‌ನ ಮಾಕ್ ಗ್ರೂಪ್ ಡಿಸ್ಕಶನ್‌ಗಳಲ್ಲಿ ಮೊದಲ ಹತ್ತು ನಿಮಿಷ ಕನ್ನಡದಲ್ಲಿ ವಾದ ನಡೀಲಿ, ಆಮೇಲೆ ಅದೇ ವಾದ ಇಂಗ್ಲಿಷಿನಲ್ಲಿ. ತಿದ್ದೋದೆಲ್ಲ ಮಾತು ಮುಗಿದ ಮೇಲೆ. ಮಧ್ಯದಲ್ಲಿ ಯಾರಾದ್ರೂ ನಕ್ಕರೆ ಅವರಿಗೊಂದು ಕೆಲಸ ಕೊಡಿ: 'ನೀನು ನಿಮ್ಮಪ್ಪನಿಗೆ ಎಷ್ಟನೇ ಮಗ?' ಅನ್ನೋದನ್ನ ಇಂಗ್ಲಿಷಿನಲ್ಲಿ ಇಷ್ಟೇ ಚಿಕ್ಕದಾಗಿ ಕೇಳಲಿ, ನೋಡೋಣ.