ನಮ್ಮ ಹಣೆಬರಹ ಕನ್ನಡದಲ್ಲಿರಲಿ!

ಕನ್ನಡಿಗರೇ, 1931ರಲ್ಲಿ ನಮ್ಮ ಮಂಗಳೂರಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ ಬರೋಡಾ ಬ್ಯಾಂಕಿನ ಪಾಲಾಯಿತು. ಅಂದು ಮುಖ ನೋಡಿ, ಮನೆತನ ವಿಚಾರಿಸಿ ಸಾಲ ಕೊಡುತ್ತಿದ್ದರು. ಇಂದು 300ರಿಂದ 900ರೊಳಗಿನ ಒಂದು ಅಂಕಿಯೇ ನಿಮ್ಮ ಯೋಗ್ಯತೆ!

ತೀರಿಸಿದ ಸಾಲ ಅಲ್ಲಿ ಬಾಕಿಯೆಂದೇ ಉಳಿದಿದ್ದರೆ? ಮಗಳ ಓದಿನ ಸಾಲಕ್ಕೂ ಕಲ್ಲು! ಆದ್ದರಿಂದ ಅರ್ಜಿ ಹಾಕುವ ಮೊದಲೇ ವರದಿ ತರಿಸಿ ಓದಿ. ಸಿಬಿಲ್ ಸೇರಿ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಲೇಬೇಕು. ತಪ್ಪಿದ್ದರೆ ದೂರು ಕೊಡಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು ಭಿಕ್ಷೆಯಲ್ಲ, ಹಕ್ಕು.

ಪಾಸ್‌ಬುಕ್ಕಿನಲ್ಲಿ ನಾಡಭಾಷೆ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಹಾಗಿದ್ದರೆ ನಮ್ಮ ಹಣೆಬರಹ ಬರೆಯುವ ಈ ವರದಿಗೆ ಕನ್ನಡ ಯಾಕೆ ಬೇಡ? ಕೌಂಟರಿನಲ್ಲಿ ನಿಂತು ಕೇಳಿ. ಕನ್ನಡದಲ್ಲೇ ಕೇಳಿ!