ಬಿಟ್ಟಿ ಚಾಕರಿಗೆ ಹೊಸ ಹೆಸರು

ದುಡಿಯುವ ಪ್ರತಿಯೊಬ್ಬರಿಗೂ ನ್ಯಾಯವಾದ ಕೂಲಿ ಸಿಗಬೇಕು ಅಂತ 1948ರಲ್ಲಿ ಸಾರಿದ್ದು ವಿಶ್ವಸಂಸ್ಥೆ. ಮಾನವ ಹಕ್ಕುಗಳ ಘೋಷಣೆಯ 23ನೇ ವಿಧಿ. ಅದೇ ವಿಶ್ವಸಂಸ್ಥೆಯ ಸಚಿವಾಲಯ ತನ್ನ ಇಂಟರ್ನ್‌ಗಳಿಗೆ ಇವತ್ತಿಗೂ ಸಂಬಳ ಕೊಡೋದಿಲ್ಲ. ವಿಮಾನ, ಬಾಡಿಗೆ, ಊಟ ಎಲ್ಲ ಅವರದೇ ಖರ್ಚು. 2015ರಲ್ಲಿ ಜಿನೀವಾದ ಇಂಟರ್ನ್ ಒಬ್ಬ ಟೆಂಟಿನಲ್ಲಿ ಮಲಗುತ್ತಿದ್ದ ಸುದ್ದಿಯನ್ನ ಲೋಕವೆಲ್ಲ ಓದಿತು.

ಬಡತನದ ವರದಿ ಬರೆಯೋ ಕುರ್ಚಿಗೆ ಇದು ಮೊದಲ ಮೆಟ್ಟಿಲು. ಅಪ್ಪನ ಗಂಟಿದ್ದವರು ಹತ್ತುತ್ತಾರೆ. ಹಸಿವನ್ನೇ ಉಂಡು ಬೆಳೆದವರು ವರದಿಯೊಳಗಿನ ಅಂಕಿಗಳಾಗಿ ಉಳೀತಾರೆ. ಇದಕ್ಕೆ ಅವರು 'ಅನುಭವ' ಅಂತಾರೆ. ನಾವು ಬಿಟ್ಟಿ ಚಾಕರಿ ಅಂತೀವಿ.

ಕೇಳಿದರೆ ಸಿಗುತ್ತದೆ. ಇಂಟರ್ನ್‌ಗಳು ದನಿ ಎತ್ತಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಭತ್ಯೆ ಶುರು ಮಾಡಿತು. ಗೆಳೆಯರೇ, ಅರ್ಜಿ ಹಾಕೋಣ. ಜೊತೆಗೆ ಕೂಲಿಯನ್ನೂ ಕೇಳೋಣ.