ಹೆದರಿದ ಓದುಗರ ಪತ್ರಗಳು

ಭಯದ ಕತೆ ಬರೆದವರನ್ನು ಕನ್ನಡ ವಿಮರ್ಶೆ ಇಂದಿಗೂ ಜಗಲಿಯಲ್ಲೇ ಕೂರಿಸಿದೆ. 'ಬಸ್ ಸ್ಟ್ಯಾಂಡಿನಲ್ಲಿ ಮಾರುವ ಸರಕು' ಎಂದು ಪುಸ್ತಕವನ್ನು ತೆರೆಯದೆಯೇ ಬದಿಗಿಡುವ ವಿದ್ವಾಂಸರು ಒಂದು ಕಡೆ. 'ಓದಿದೆ, ಹೆದರಿಕೆಯೇ ಆಗಲಿಲ್ಲ, ದುಡ್ಡು ದಂಡ' ಎಂದು ಎರಡು ಸಾಲಿನಲ್ಲಿ ತೀರ್ಪು ಕೊಟ್ಟು ಮುಗಿಸುವ ಓದುಗರು ಇನ್ನೊಂದು ಕಡೆ. ಇಬ್ಬರೂ ಪರಸ್ಪರ ವಿರೋಧಿಗಳಂತೆ ಕಂಡರೂ ಎಡವುವುದು ಒಂದೇ ಕಲ್ಲಿಗೆ. ಭಯದ ಕತೆಯ ಕೆಲಸ ಬೆಚ್ಚಿಬೀಳಿಸುವುದು, ಅಷ್ಟೇ ಎಂಬ ನಂಬಿಕೆ ಇಬ್ಬರದೂ.

ಆ ನಂಬಿಕೆ ಸುಳ್ಳೆಂದು ತೋರಿಸಲು ಅಮೆರಿಕದ ಕತೆಗಾರ್ತಿ ಶರ್ಲಿ ಜಾಕ್ಸನ್ ಅವರಿಗೆ ಬಂದ ಪತ್ರಗಳಷ್ಟು ಒಳ್ಳೆಯ ಸಾಕ್ಷಿ ಬೇರೆ ಸಿಗಲಿಕ್ಕಿಲ್ಲ. 1948ರ ಜೂನ್ 26ರ 'ದಿ ನ್ಯೂಯಾರ್ಕರ್' ಸಂಚಿಕೆಯಲ್ಲಿ ಅವರ 'ದಿ ಲಾಟರಿ' ಅಚ್ಚಾಯಿತು. ಬೇಸಿಗೆಯ ಒಂದು ಬೆಳಿಗ್ಗೆ ಸಣ್ಣ ಊರಿನ ಜನರೆಲ್ಲ ಚೌಕದಲ್ಲಿ ಸೇರುತ್ತಾರೆ. ಗಂಡಸರು ಮಳೆ, ಬಿತ್ತನೆ, ಟ್ರ್ಯಾಕ್ಟರು, ತೆರಿಗೆಯ ಮಾತಾಡುತ್ತಿದ್ದಾರೆ. ಮೂರು ಕಾಲಿನ ಸ್ಟೂಲಿನ ಮೇಲೆ ಬಣ್ಣ ಮಾಸಿದ ಕಪ್ಪು ಪೆಟ್ಟಿಗೆ. ಮನೆಗೊಂದರಂತೆ ಚೀಟಿ ಎತ್ತುತ್ತಾರೆ. ಕೊನೆಗೆ ಪೆನ್ಸಿಲಿನ ಕಪ್ಪು ಚುಕ್ಕೆಯಿರುವ ಚೀಟಿ ಟೆಸ್ಸಿ ಹಚಿನ್‌ಸನ್ ಎಂಬ ಗೃಹಿಣಿಯ ಕೈಗೆ ಬರುತ್ತದೆ. ಇಷ್ಟು ಹೊತ್ತು ಅವಳೊಂದಿಗೆ ನಗುತ್ತಿದ್ದವರೇ ಕಲ್ಲು ಎತ್ತಿಕೊಳ್ಳುತ್ತಾರೆ. ಆ ಗಡಿಬಿಡಿಯ ನಡುವೆ ಯಾರೋ ಒಬ್ಬರು ಅವಳ ಪುಟ್ಟ ಮಗ ಡೇವಿಯ ಕೈಗೂ ಒಂದಿಷ್ಟು ಹರಳುಕಲ್ಲು ಕೊಡುತ್ತಾರೆ. ಯಾರು ಕೊಟ್ಟರು ಎಂಬುದನ್ನು ಜಾಕ್ಸನ್ ಹೇಳುವುದಿಲ್ಲ. ಇಡೀ ಕತೆಯಲ್ಲಿ ದೆವ್ವವಿಲ್ಲ, ಕತ್ತಲೆಯಿಲ್ಲ, ಕಿರುಚುವ ಗಾಳಿಯಿಲ್ಲ. ಆದರೆ ಮಗುವಿನ ಮುಷ್ಟಿಯಲ್ಲಿರುವ ಆ ಕಲ್ಲುಗಳನ್ನು ಒಮ್ಮೆ ಕಂಡವರು ಮರೆಯಲಾರರು.

ಆ ಬೇಸಿಗೆಯಲ್ಲಿ ಜಾಕ್ಸನ್ ಅವರಿಗೆ ಮುನ್ನೂರಕ್ಕೂ ಹೆಚ್ಚು ಪತ್ರ ಬಂದವು. ಒಳ್ಳೆಯ ಮಾತಿದ್ದದ್ದು ಹದಿಮೂರರಲ್ಲಿ ಮಾತ್ರ, ಅವೂ ಬಹುಪಾಲು ಗೆಳೆಯರವು. ಹೆತ್ತ ತಾಯಿಯೇ ಕತೆ ಹಿಡಿಸಲಿಲ್ಲವೆಂದು ಬರೆದರು. ವರ್ಮಾಂಟ್‌ನ ತಮ್ಮ ಊರಿನ ಅಂಚೆ ಕಚೇರಿಯಲ್ಲಿ ಇದ್ದದ್ದರಲ್ಲೇ ದೊಡ್ಡ ಪೆಟ್ಟಿಗೆಯನ್ನು ಅವರು ಪಡೆಯಬೇಕಾಯಿತು. ಪೋಸ್ಟ್‌ಮಾಸ್ಟರು ಅವರೊಡನೆ ಮಾತು ಬಿಟ್ಟಿದ್ದರು. ಚಂದಾ ರದ್ದು ಮಾಡಿ ಎಂದವರಿದ್ದರು, ಅರ್ಥ ಹೇಳಿ ಎಂದು ಪಟ್ಟು ಹಿಡಿದವರಿದ್ದರು. ಆಗ ಆ ಪತ್ರಿಕೆ ಯಾವುದು ಕತೆ, ಯಾವುದು ವರದಿ ಎಂದು ಗುರುತು ಹಾಕುತ್ತಿರಲಿಲ್ಲವಾದ್ದರಿಂದ ಇದನ್ನು ನಡೆದ ಸಂಗತಿ ಎಂದುಕೊಂಡವರೂ ಕಡಿಮೆಯಿರಲಿಲ್ಲ. ಇಂಥ ಲಾಟರಿ ಎಲ್ಲಿ ನಡೆಯುತ್ತದೆ, ತಾವೂ ಹೋಗಿ ನೋಡಬಹುದೇ ಎಂದು ಕೇಳಿದವರ ಪತ್ರಗಳು ಎಲ್ಲಕ್ಕಿಂತ ಭಯಾನಕ. ಮಹಾಯುದ್ಧ ಮುಗಿದು ಮೂರು ವರ್ಷವಾಗಿತ್ತಷ್ಟೇ. ಯೂರೋಪಿನ ಸಾಮಾನ್ಯ ಊರುಗಳ ಸಾಮಾನ್ಯ ಜನ ಏನೇನನ್ನು ನೋಡುತ್ತ ನಿಂತಿದ್ದರು ಎಂಬುದು ಆಗತಾನೇ ಬಯಲಾಗಿತ್ತು. ಕಲ್ಲು ಹೊಡೆಯುವುದನ್ನು ನೋಡಲು ಜಾಗ ಕೇಳಿದ ಓದುಗ ಕತೆಯ ಊರಿನವನೇ ಆಗಿಬಿಟ್ಟಿದ್ದ.

ಅಂದಿನ ದಕ್ಷಿಣ ಆಫ್ರಿಕಾ ಸರ್ಕಾರ ಈ ಕತೆಯನ್ನು ನಿಷೇಧಿಸಿತು. ಅವರಿಗಾದರೂ ಕತೆ ಅರ್ಥವಾಯಿತಲ್ಲ ಎಂದು ಜಾಕ್ಸನ್ ಹೆಮ್ಮೆಪಟ್ಟಿದ್ದುಂಟು.

'ದಿ ಲಾಟರಿ' ಅಚ್ಚಾದ ಮರುವರ್ಷ, 1949ರಲ್ಲಿ, ಜಾಕ್ಸನ್ ಅವರ 25 ಕತೆಗಳ ಸಂಕಲನ ಬಂತು. ಅದನ್ನು 'ಹಾರರ್' ಎಂದು ಕೈಗೆತ್ತಿಕೊಂಡು ನಿರಾಶರಾಗುವ ಓದುಗರು ಇಂದಿಗೂ ಇದ್ದಾರೆ. ಅಂಥವರು 'ದಿ ಡೀಮನ್ ಲವರ್' ಕತೆಯನ್ನು ಇನ್ನೊಮ್ಮೆ ನಿಧಾನವಾಗಿ ಓದಬೇಕು. ಮದುವೆಯ ದಿನ ಒಬ್ಬ ಹೆಂಗಸು ಬೆಳಿಗ್ಗೆಯಿಂದ ಕಾಯುತ್ತಾಳೆ. ಕಾಫಿ ಮೇಲೆ ಕಾಫಿ ಕುಡಿಯುತ್ತಾಳೆ, ಯಾವ ಉಡುಪು ತೊಡಲೆಂದು ತಿಣುಕುತ್ತಾಳೆ. ವಯಸ್ಸು ಮೂವತ್ತನಾಲ್ಕಾದರೂ ಮದುವೆಯ ಕಾಗದದಲ್ಲಿ ಮೂವತ್ತೆಂದು ಬರೆಸಿದ್ದಾಳೆ. ವರ ಬರುವುದಿಲ್ಲ. ಬೀದಿಗಿಳಿದು ಪೇಪರ್ ಮಾರುವವನನ್ನು, ಹೂವಿನ ಅಂಗಡಿಯವನನ್ನು ವಿಚಾರಿಸುತ್ತಾಳೆ. ಅವರ ಕಣ್ಣಿನಲ್ಲಿ ಒಂದು ಸಣ್ಣ ನಗು. ಇಲ್ಲಿ ಭೂತವೆಂದರೆ ಆ ನಗು. ಒಂಟಿ ಹೆಂಗಸು ಗಂಡಸನ್ನು ಹುಡುಕಿಕೊಂಡು ಹೊರಟರೆ ಬೀದಿ ಹೇಗೆ ನೋಡುತ್ತದೆಂದು ನಮ್ಮ ಊರುಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಇದನ್ನು ಓದಿ 'ಹೆದರಿಕೆ ಆಗಲಿಲ್ಲ' ಎನ್ನುವವರು ತಾವು ಯಾರ ಜಾಗದಲ್ಲಿ ನಿಂತು ಓದಿದೆವು ಎಂದು ಕೇಳಿಕೊಳ್ಳಲಿ: ಆ ಹೆಂಗಸಿನ ಜಾಗದಲ್ಲೋ, ಹೂವಿನ ಅಂಗಡಿಯವನ ಜಾಗದಲ್ಲೋ?

ಈಗ ವಿದ್ವಾಂಸರ ಆಕ್ಷೇಪ. ಭಯದ ಕತೆ ಕನ್ನಡಕ್ಕೆ ಹೊರಗಿನಿಂದ ಬಂದದ್ದು, ನಮ್ಮ ಪರಂಪರೆಯಲ್ಲಿ ಅದಕ್ಕೆ ಬೇರಿಲ್ಲ ಎಂಬ ಮಾತನ್ನು ವಿಚಾರಸಂಕಿರಣಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ಹೀಗೆನ್ನುವವರೇ ತರಗತಿಯಲ್ಲಿ ಹಳಗನ್ನಡ ಗದ್ಯದ ಮೇರುಕೃತಿ ಎಂದು 'ವಡ್ಡಾರಾಧನೆ'ಯನ್ನು ಕಲಿಸುತ್ತಾರೆ. ಅದರ ಹತ್ತೊಂಬತ್ತು ಕತೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯದು. ಕೂತ ಆಸನದಲ್ಲಿ ಒಂದು ಸಾಸಿವೆ ಕಾಳಿದ್ದರೂ ಚುಚ್ಚುತ್ತದೆ ಎನ್ನುವಷ್ಟು ಮೆತ್ತಗೆ ಬೆಳೆದ ಹುಡುಗ ಎಲ್ಲ ಬಿಟ್ಟು ಬರಿಗಾಲಲ್ಲಿ ಕಾಡಿಗೆ ಹೋಗುತ್ತಾನೆ. ಪಾದ ಒಡೆದು ರಕ್ತ ಸುರಿಯುತ್ತದೆ. ಆ ರಕ್ತದ ಜಾಡು ಹಿಡಿದು ಒಂದು ಹೆಣ್ಣು ನರಿ ಮರಿಗಳೊಡನೆ ಬಂದು, ಧ್ಯಾನದಲ್ಲಿರುವವನನ್ನು ಪಾದದಿಂದ ಮೇಲಕ್ಕೆ ಮೂರು ದಿನ ತಿನ್ನುತ್ತದೆ. ಹಿಂದಿನ ಜನ್ಮದಲ್ಲಿ ಅವನು ಒದ್ದಿದ್ದ ಅತ್ತಿಗೆಯೇ ಆ ನರಿ. ಅವಮಾನಗೊಂಡ ಹೆಣ್ಣೊಬ್ಬಳ ಸೇಡು ಜನ್ಮ ದಾಟಿ ಬಂದು ಒದ್ದ ಕಾಲಿಗೇ ಬಾಯಿ ಹಾಕುವ ಈ ಕತೆಯನ್ನು ಯಾವ ಕಪಾಟಿನಲ್ಲಿಡುತ್ತಾರೆ? 1209ರಲ್ಲಿ ಜನ್ನ ಬರೆದ 'ಯಶೋಧರ ಚರಿತೆ' ತೆರೆದುಕೊಳ್ಳುವುದು ನರಬಲಿಗೆ ಸಜ್ಜಾದ ಚಂಡಮಾರಿಯ ಗುಡಿಯಲ್ಲಿ. ಬೇರು ಅಲ್ಲಿದೆ, ನೋಡುವ ಮನಸ್ಸಿಲ್ಲ.

ಪುಸ್ತಕ ಮುಟ್ಟದವರೂ ಭಯದ ಕತೆಗಳಿಗೆ ಪ್ರತಿಕ್ರಿಯಿಸುತ್ತಲೇ ಬಂದಿದ್ದಾರೆ. 1990ರ ದಶಕದಲ್ಲಿ ರಾತ್ರಿ ಬಾಗಿಲು ಬಡಿಯುವ ಹೆಣ್ಣಿನ ಕತೆ ಹಬ್ಬಿದಾಗ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಎಂದು ಸುಣ್ಣದಲ್ಲಿ, ಸೀಮೆಸುಣ್ಣದಲ್ಲಿ ಬರೆದರು. ಅದನ್ನು ಮೂಢನಂಬಿಕೆ ಎಂದು ನಕ್ಕು ಬಿಟ್ಟವರು, ಆ ಕತೆ ಯಾಕೆ ಬೆಳೆಯುತ್ತಿರುವ ಬಡಾವಣೆಗಳಲ್ಲಿ, ಅಕ್ಕಪಕ್ಕದವರ ಹೆಸರು ಗೊತ್ತಿಲ್ಲದ ಬೀದಿಗಳಲ್ಲಿ ಅಷ್ಟು ಬೇಗ ಮನೆಮಾಡಿತು ಎಂದು ಕೇಳಲಿಲ್ಲ.

ಅರ್ಜೆಂಟೀನಾದ ಮಾರಿಯಾನಾ ಎನ್ರಿಕೆಸ್ ಅವರ 2016ರ ಸಂಕಲನದ ಶೀರ್ಷಿಕೆ ಕತೆಯಲ್ಲಿ, ಗಂಡಂದಿರು ಹೆಂಡಿರನ್ನು ಸುಡುತ್ತಿರುವುದನ್ನು ಕಂಡ ಹೆಂಗಸರು ತಾವೇ ತಮ್ಮನ್ನು ಸುಟ್ಟುಕೊಳ್ಳಲು ಗುಟ್ಟಾಗಿ ಒಂದಾಗುತ್ತಾರೆ. ಇದು ಅತಿರೇಕ ಎನ್ನುವ ಓದುಗರಿದ್ದಾರೆ. 'ಸ್ಟೌ ಸಿಡಿದು ಗೃಹಿಣಿ ಸಾವು' ಎಂಬ ಒಂದು ಕಾಲಮ್ಮಿನ ಸುದ್ದಿಯನ್ನು ವರ್ಷಗಟ್ಟಲೆ ಕಾಫಿ ಕುಡಿಯುತ್ತ ಓದಿ ಪುಟ ಮಗುಚಿದ ನಾಡಿನಲ್ಲಿ ಆ ಮಾತು ಒಪ್ಪತಕ್ಕದ್ದಲ್ಲ.

ನಮ್ಮ ಪ್ರಕಾಶಕರ ಮೇಲೂ ಒಂದು ದೂರಿದೆ. ಕನ್ನಡದ ಕಥಾಸಂಕಲನಕ್ಕೆ ಮುನ್ನುಡಿ, ಬೆನ್ನುಡಿ, ಲೇಖಕರ ಅರಿಕೆ ಮೂರೂ ಬೇಕು. ಮೂರರಲ್ಲೂ ಕತೆಯ ಅರ್ಥ, ಕೆಲವೊಮ್ಮೆ ಅಂತ್ಯ ಕೂಡ, ಮೊದಲೇ ಬಿಡಿಸಿಟ್ಟಿರುತ್ತದೆ. ಜೂನ್ 26ರಂದು ಯಾವನಾದರೂ ಪ್ರೊಫೆಸರು 'ದಿ ಲಾಟರಿ'ಗೆ ಮುನ್ನುಡಿ ಬರೆದು ಬಲಿಪಶುವಿನ ಸಂಕೇತವನ್ನು ವಿವರಿಸಿದ್ದರೆ ಆ ಮುನ್ನೂರು ಪತ್ರಗಳಲ್ಲಿ ಒಂದೂ ಬರುತ್ತಿರಲಿಲ್ಲ. ಓದುಗ ತಾನೇ ತತ್ತರಿಸಿ, ಸಿಟ್ಟಾಗಿ, ಪೆನ್ನು ಹಿಡಿಯುವ ಹಕ್ಕನ್ನು ಮುನ್ನುಡಿಕಾರರು ಕಸಿದುಕೊಳ್ಳುತ್ತಿದ್ದಾರೆ. ಓದುಗರ ಪತ್ರಗಳ ಪುಟವನ್ನು ಜಾಹೀರಾತಿಗೆ ಬಿಟ್ಟುಕೊಟ್ಟ ಪತ್ರಿಕೆಗಳದ್ದೂ ಇದೇ ಅಪರಾಧ.

ಈ ಸಂಚಿಕೆ ಭಯದ ಕತೆಗಳಿಗೆ ಮೀಸಲು. ಯಾವ ಕತೆಗೂ ಟಿಪ್ಪಣಿಯಿಲ್ಲ, ಲೇಖಕರ ಪರಿಚಯ ಹೆಸರಿಗಷ್ಟೇ ಸೀಮಿತ. ಓದಿ ಕೋಪ ಬಂದವರು, ಅಸಹ್ಯಪಟ್ಟವರು, ತಲೆಬುಡ ಅರ್ಥವಾಗದವರು ಬರೆಯಲಿ. ಬೈಗುಳವಿದ್ದರೂ ಸರಿ, ಮುಂದಿನ ಸಂಚಿಕೆಯಲ್ಲಿ ಎಂಟು ಪುಟ ಅವರಿಗೇ. ಕತೆಗಾರರ ಸಮಜಾಯಿಷಿಗೆ ಅಲ್ಲಿ ಜಾಗ ಕೊಡುವುದಿಲ್ಲ.